ಗಂಟೆಗಳ ಲೆಕ್ಕ ತುಂಬಿದೆ, ಕಲಿತದ್ದೆಷ್ಟು? ಪ್ಯಾರಾಮೆಡಿಕ್‌ಗಳ ನಿರಂತರ ಕಲಿಕೆ ಬಗ್ಗೆ ಚರ್ಚೆ

ರಾತ್ರಿಪಾಳಿ

ಆಂಬ್ಯುಲೆನ್ಸ್ ಪ್ಯಾರಾಮೆಡಿಕ್ ನೋಂದಣಿ ರಿನ್ಯೂವಲ್ ಹತ್ತಿರ ಬಂತು ಅಂತ ಸರ್ಟಿಫಿಕೇಟ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕ್ತಾ ಕೂತಿದ್ದೆ. ತರಬೇತಿ ಗಂಟೆಗಳು ಬೇಕಾದ್ದಕ್ಕಿಂತ ಜಾಸ್ತಿನೇ ಇವೆ. ಆದರೆ ಅರ್ಧಕ್ಕರ್ಧ ಕೋರ್ಸುಗಳ ಹೆಸರು ಓದಿದರೂ ಒಳಗೆ ಏನಿತ್ತು ಅಂತ ನೆನಪಾಗಲ್ಲ. ವಿಡಿಯೋ ಒಂದು ಕಡೆ ಓಡ್ತಾ ಇರುತ್ತೆ, ಕೊನೆಗೆ ಒಂದಷ್ಟು ಪ್ರಶ್ನೆ, ತಪ್ಪಾದರೆ ಇನ್ನೊಂದು ಉತ್ತರ ಒತ್ತು, ಪಾಸ್, ಪ್ರಿಂಟ್ ತಗೋ.

ಯಾವ ಕೋರ್ಸ್ ಚೆನ್ನಾಗಿದೆ ಅಂತ ಕೇಳೋಕೆ ಈ ಪೋಸ್ಟ್ ಹಾಕ್ತಿಲ್ಲ. ನೀವು ಕಲಿತದ್ದರಲ್ಲಿ ಯಾವುದು ಮುಂದಿನ ಕೇಸಿನಲ್ಲಿ ನೀವು ಮಾಡೋದನ್ನ ನಿಜವಾಗಿ ಬದಲಾಯಿಸಿತು? ಅದು ಎಲ್ಲಿಂದ ಬಂತು? ಕ್ಲಾಸಿಂದಲಾ, ಸೀನಿಯರ್‌ಗಳಿಂದಲಾ, ಆಸ್ಪತ್ರೆಯಿಂದಲಾ, ಪುಸ್ತಕದಿಂದಲಾ? ಅನುಭವ ಇರೋರು ಬರೀರಿ.

ಬೋಧಕಿ_ಎಸ್

ತರಬೇತಿ ಕೊಡುವವಳಾಗಿ ಮೊದಲು ಗಂಟೆಗಳ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಎಲ್ಲರೂ ಸೇರಿ ಬೈಯಬಹುದು.

ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ ಪ್ಯಾರಾಮೆಡಿಕ್‌ಗೆ ಎರಡು ವರ್ಷಕ್ಕೆ 60 ಗಂಟೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಕನಿಷ್ಠ 30 ಗಂಟೆ, ಅದರಲ್ಲಿ 8 ಗಂಟೆಯಾದರೂ ಬೇರೆ ವೃತ್ತಿಪರರ ಜೊತೆ ಕೂತು ಮಾತಾಡಿ ಕಲಿತದ್ದಾಗಿರಬೇಕು. ಈ ಎಂಟು ಗಂಟೆಯ ನಿಯಮ ನನಗೆ ತುಂಬ ಇಷ್ಟ. ಒಬ್ಬರೇ ಮೊಬೈಲ್ ಹಿಡಿದು ಮುಗಿಸುವ ದಾರಿಯನ್ನು ಅದು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣದ ಸಮಯದಲ್ಲಿ 2.5% ಜನರನ್ನು ಹಾಗೇ ಆರಿಸಿ, ನೀವು ಕಲಿತದ್ದರಿಂದ ನಿಮ್ಮ ಕೆಲಸಕ್ಕೂ ರೋಗಿಗೂ ಏನು ಪ್ರಯೋಜನವಾಯಿತು ಎಂದು ಬರೆದು ತೋರಿಸಿ ಎನ್ನುತ್ತಾರೆ.

ಗಂಟೆ ಅನ್ನುವುದು ಕನಿಷ್ಠ ಮಟ್ಟ, ಅಷ್ಟೇ. ಅದನ್ನೂ ತೆಗೆದರೆ ಏನೂ ಮಾಡದವರಿಗೆ ಹಬ್ಬ. ತರಬೇತಿಗೆ ಬಿಡುವು ಕೊಡದ ಮೇಲಧಿಕಾರಿಗೂ ಹಬ್ಬ. ನಿಯಮ ಇರುವುದರಿಂದಲೇ ಎಷ್ಟೋ ಜನರಿಗೆ ಆ ದಿನದ ರಜೆ ಸಿಗುತ್ತಿದೆ ಎಂಬುದನ್ನು ಮರೆಯಬೇಡಿ.

ಹಿಂದಿನಸೀಟು

ಮೇಡಂ, ರಜೆ ಸಿಗುತ್ತೆ ಅನ್ನೋದು ಒಪ್ಪಿದೆ. ಆದರೆ ಏನು ಕಲಿಯಬೇಕು ಅನ್ನೋದನ್ನ ನಮಗೇ ಬಿಟ್ಟರೆ ಆಗೋದೇನು? ಇಸಿಜಿ ಇಷ್ಟಪಡೋನು ಮತ್ತೆ ಇಸಿಜಿ ವರ್ಕ್‌ಶಾಪಿಗೇ ಹೋಗ್ತಾನೆ. ಆಕ್ಸಿಡೆಂಟ್ ಕೇಸ್ ಅಂದ್ರೆ ಮೈ ಜುಮ್ಮನ್ನೋನು ಟ್ರಾಮಾ ಕೋರ್ಸ್ ಮೇಲೆ ಟ್ರಾಮಾ ಕೋರ್ಸ್ ಮಾಡ್ತಾನೆ. ಹೆರಿಗೆ ಕೇಸ್ ಅಂದ್ರೆ ಬೆವರೋರು ಹೆರಿಗೆ ಕ್ಲಾಸಿಗೆ ಹೆಸರು ಕೊಟ್ಟಿದ್ದನ್ನ ನಾನಂತೂ ನೋಡಿಲ್ಲ. ಮಾನಸಿಕ ಸಮಸ್ಯೆ ಇರೋ ರೋಗಿ ಜೊತೆ ಹೇಗೆ ಮಾತಾಡಬೇಕು ಅನ್ನೋ ಕ್ಲಾಸಲ್ಲಿ ಖಾಲಿ ಕುರ್ಚಿಗಳೇ.

ವೈದ್ಯರ ಮೇಲೆ ಇದನ್ನ ಪರೀಕ್ಷಿಸಿದ್ದಾರೆ. 2006ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಜರ್ನಲಲ್ಲಿ ಬಂದ ಒಂದು ಪರಿಶೀಲನೆ. ತಮ್ಮ ಸಾಮರ್ಥ್ಯ ಎಷ್ಟು ಅಂತ ವೈದ್ಯರು ಅಂದುಕೊಂಡದ್ದನ್ನ, ಹೊರಗಿನವರು ಅಳೆದದ್ದರ ಜೊತೆ ಇಟ್ಟು ನೋಡಿದರು. 20 ಹೋಲಿಕೆಗಳಲ್ಲಿ 13ರಲ್ಲಿ ಎರಡಕ್ಕೂ ಸಂಬಂಧ ಇಲ್ಲ, ಇದ್ದರೂ ಅತ್ಯಲ್ಪ, ಇಲ್ಲಾಂದ್ರೆ ತಿರುಗುಮುರುಗು. ಕೌಶಲ ಕಡಿಮೆ ಇದ್ದು ಆತ್ಮವಿಶ್ವಾಸ ಜಾಸ್ತಿ ಇದ್ದವರ ಅಂದಾಜೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ನಾವು ಅವರಿಗಿಂತ ಬೇರೆ ಅಂತ ನಂಬೋಕೆ ಕಾರಣ ಇಲ್ಲ. ನನಗೇನು ಗೊತ್ತಿಲ್ಲ ಅನ್ನೋದು ನನಗೇ ಗೊತ್ತಾಗಲ್ಲ, ಹೊರಗಿಂದ ಯಾರಾದರೂ ಹೇಳಬೇಕು.

ಹೊಸಬ_ಇಎಂಟಿ

ನಾನು ಕೆಲಸಕ್ಕೆ ಹೊಸಬ, ತಪ್ಪು ತಿಳ್ಕೋಬೇಡಿ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ, ಉಸಿರು ಕೊಡೋದು) ಕಾರ್ಡ್ ಎರಡು ವರ್ಷಕ್ಕೆ ಕೊಡ್ತಾರೆ ಅಂದ್ರೆ ಎರಡು ವರ್ಷ ಆ ಕೌಶಲ ಉಳಿಯುತ್ತೆ ಅಂತಲೇ ಅಲ್ವಾ ಅರ್ಥ? ಮಧ್ಯದಲ್ಲಿ ಮತ್ತೆ ಪ್ರಾಕ್ಟೀಸ್ ಅಂದ್ರೆ ನಮ್ಮ ಸೀನಿಯರ್ ನಗ್ತಾರೆ.

ಬೋಧಕಿ_ಎಸ್

ನಗಲಿ ಬಿಡಿ. ಉಳಿಯುವುದಿಲ್ಲ. ತರಬೇತಿ ಮುಗಿದ ಮೂರರಿಂದ ಆರು ತಿಂಗಳೊಳಗೇ ಎದೆ ಒತ್ತುವ ಗುಣಮಟ್ಟ ಕುಸಿಯುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಕಾರ್ಡಿನ ಎರಡು ವರ್ಷ ಆಡಳಿತದ ಅನುಕೂಲಕ್ಕೆ ಇಟ್ಟ ಅವಧಿ. ಅದಕ್ಕೇ ಈಗ ಮಾರ್ಗಸೂಚಿಗಳೂ ಒಂದೇ ಸಲ ಇಡೀ ದಿನ ಕೂರಿಸುವುದರ ಜೊತೆಗೆ ಆಗಾಗ ಸಣ್ಣ ಸಣ್ಣ ಮರುಅಭ್ಯಾಸ ಮಾಡಿಸಿ ಎನ್ನುತ್ತವೆ.

ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಆಳ 5 ಸೆಂಟಿಮೀಟರಿಗೆ ಕಡಿಮೆ ಇಲ್ಲ, 6 ದಾಟಬಾರದು, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಇದನ್ನು ಬಾಯಲ್ಲಿ ಹೇಳದವರು ಯಾರೂ ಇಲ್ಲ. ಆಳ ಅಳೆದು ತೋರಿಸುವ ಮ್ಯಾನಿಕಿನ್ (ತರಬೇತಿ ಬೊಂಬೆ) ಮೇಲೆ ಎರಡು ನಿಮಿಷ ಒತ್ತಿಸಿ ನೋಡಿ. ಮೊದಲ ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಆಳ ಇಳಿಯುತ್ತದೆ, ಎದೆಯ ಮೇಲೆ ಭಾರ ಬಿಟ್ಟು ಒರಗುವುದು ಶುರುವಾಗುತ್ತದೆ. ಮಾಡುತ್ತಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹೊಸಬರೇ, ನಿಮ್ಮ ಸೀನಿಯರ್‌ಗೂ ಒಮ್ಮೆ ಒತ್ತಲು ಹೇಳಿ. ನಗು ಅಲ್ಲಿಗೆ ನಿಲ್ಲುತ್ತದೆ.

ಕಿಟ್‌ಬ್ಯಾಗ್

ನೋಡ್ರಿ, ನಾವಿರೋ ಕಡೆ ಕ್ಲಾಸ್ ಗೀಸ್ ಭಾಳ ಕಡಿಮಿ. ಆದ್ರ ಡ್ಯೂಟಿ ಹತ್ತಿದ ಕೂಡಲೇ ಬ್ಯಾಗ್ ಚೆಕ್ ಮಾಡೋದು ಇದ್ದೇ ಐತಿ. ಆ ಹತ್ತು ನಿಮಿಷಾನ ನಾವು ಪಾಠಕ್ಕ ಬಳಸ್ಕೋತೀವಿ. ಒಂದು ಸಾಮಾನು ಕೈಗೆ ತಗೊಂಡಾಂವ ಅದರ ಬಗ್ಗೆ ಜೊತೆಗಾರಗ ಒಂದು ಪ್ರಶ್ನೆ ಕೇಳಬೇಕು. ಮರುದಿನ ಅವನ ಪಾಳಿ.

ಮೊನ್ನೆ ನಾ ಕೇಳಿದ್ದು ಅಡ್ರಿನಲಿನ್. ಮಗು 12 ಕೆಜಿ, ಎಷ್ಟು ಕೊಡ್ತಿ? ಕೆಜಿಗೆ 0.01 ಮಿಲಿಗ್ರಾಂ ಅಂದ್ರ 0.12 ಮಿಲಿಗ್ರಾಂ, ಅಲ್ಲೀತನಕ ಎಲ್ಲಾರೂ ಹೇಳ್ತಾರ. ಇನ್ನ ಸಿರಿಂಜಿನ್ಯಾಗ ಎಷ್ಟು ಎಳೀಬೇಕು? ಹೃದಯ ನಿಂತದ, ರಕ್ತನಾಳಕ್ಕ ಕೊಡೂದು ಅಂದ್ರ ಒಂದು ಮಿಲಿಗ್ರಾಂ ಹತ್ತು ಎಂಎಲ್‌ಗೆ ತೆಳು ಮಾಡಿದ್ದು ಬೇಕು, ಅದರಾಗ 1.2 ಎಂಎಲ್. ಅದೇ ಮಗುವಿಗೆ ಭಾರಿ ಅಲರ್ಜಿ ಆಗಿ ತೊಡೆಗೆ ಚುಚ್ಚೋದಾದ್ರ ತೆಳು ಮಾಡದ್ದು, ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ, ಅದರಾಗ 0.12 ಎಂಎಲ್. ಔಷಧ ಒಂದ, ಮಿಲಿಗ್ರಾಂ ಒಂದ, ಎಂಎಲ್ ಮಾತ್ರ ಹತ್ತು ಪಟ್ಟು ಫರಕು. ಅದೂ ತಾಯಿ ಪಕ್ಕದಾಗ ಅಳ್ಕೋತ ನಿಂತಾಗ ಲೆಕ್ಕ ಹಾಕ್ಬೇಕು.

ಸುಮ್ಮನ ಕುಂತಾಗ ಸಿರಿಂಜ್ ಕೈಯಾಗ ಹಿಡಿದು ನೀರು ಎಳೆದು ತೋರಿಸು ಅಂತೀನಿ. ಬಾಯಾಗ ಹೇಳೂದು ಬ್ಯಾರೆ, ಸಣ್ಣ ಸಿರಿಂಜ್ ಹುಡುಕಿ ಗೀಟು ನೋಡಿ ಎಳಿಯೂದು ಬ್ಯಾರೆ.

ಹಿಂದಿನಸೀಟು

ಇದು ಸರಿಯಾದ ಉದಾಹರಣೆ ಕಿಟ್‌ಬ್ಯಾಗ್ ಅಣ್ಣ. ಅಪರೂಪಕ್ಕೆ ಬರೋದು, ಬಂದಾಗ ತಪ್ಪಿದರೆ ಪ್ರಾಣಕ್ಕೆ ಬರೋದು, ಇವಕ್ಕೇ ಅಭ್ಯಾಸದ ಸಮಯ ಮೀಸಲಿಡಬೇಕು. ಎದೆನೋವಿನ ಕೇಸ್ ದಿನಾ ನೋಡ್ತೀವಿ. ಮಕ್ಕಳ ಔಷಧ ಲೆಕ್ಕ, ಭುಜ ಸಿಕ್ಕಿಕೊಂಡ ಹೆರಿಗೆ, ಹುಟ್ಟಿದ ತಕ್ಷಣ ಉಸಿರಾಡದ ಮಗು, ಇವು ವರ್ಷಗಟ್ಟಲೆ ಬರದೇ ಇರಬಹುದು.

ಹೊಸಬ_ಇಎಂಟಿ

ಪ್ರಶ್ನೆ ಕೇಳೋ ಪದ್ಧತಿ ಚೆನ್ನಾಗಿದೆ. ನಾನು ಇದುವರೆಗೆ ನೋಟ್ಸ್ ಮತ್ತೆ ಮತ್ತೆ ಓದ್ತಿದ್ದೆ.

ಬೋಧಕಿ_ಎಸ್

ಓದುವುದಕ್ಕಿಂತ ಕೇಳಿಸಿಕೊಂಡು ಉತ್ತರ ಹೇಳುವುದೇ ಹೆಚ್ಚು ನಿಲ್ಲುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದುವ ಬದಲು ನೆನಪು ಮಾಡಿಕೊಂಡು ಬರೆದಿದ್ದವರು ಮುಂದೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಮೋಸ ಇರುವುದೇ ಅಲ್ಲಿ.

ತುರ್ತುವೈದ್ಯ

ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುವವನು ನಾನು. ನೀವೆಲ್ಲ ತರಬೇತಿ ಬಗ್ಗೆ ಮಾತಾಡುತ್ತಿದ್ದೀರಿ, ಒಳ್ಳೆಯದು. ನನಗೆ ಕಾಣುವ ದೊಡ್ಡ ಕೊರತೆ ಬೇರೆ. ನಿಮ್ಮ ಕೇಸ್ ನಮ್ಮ ಬಾಗಿಲಲ್ಲಿ ಮುಗಿದುಹೋಗುತ್ತದೆ.

ನಾನು ಒಬ್ಬ ರೋಗಿಗೆ ಒಂದು ಕಾಯಿಲೆ ಅಂದುಕೊಂಡು ಚಿಕಿತ್ಸೆ ಶುರು ಮಾಡಿದೆ ಎನ್ನಿ. ನಾಳೆ ವಾರ್ಡಿನಿಂದಲೋ ಸ್ಕ್ಯಾನ್ ರಿಪೋರ್ಟಿನಿಂದಲೋ ಅದು ಹೌದೋ ಅಲ್ಲವೋ ಎಂದು ತಿಳಿಯುತ್ತದೆ. ಹೀಗೆ ತಿಳಿಯುತ್ತಾ ಹೋಗಿಯೇ ನನ್ನ ಅಂದಾಜು ಹದವಾದದ್ದು. ನೀವು ಸ್ಟ್ರೆಚರ್ ಬಿಟ್ಟು, ಸಹಿ ಹಾಕಿಸಿ, ಮುಂದಿನ ಕಾಲ್‌ಗೆ ಓಡುತ್ತೀರಿ. ನಿಮ್ಮ ಅಂದಾಜು ಸರಿ ಇತ್ತೋ ಇಲ್ಲವೋ ಯಾರೂ ಹೇಳುವುದಿಲ್ಲ. ಹತ್ತು ವರ್ಷ ಹೀಗೇ ಕಳೆದರೆ ಅನುಭವ ಹತ್ತು ವರ್ಷದ್ದು, ಆದರೆ ತಿದ್ದಿಸಿಕೊಂಡದ್ದು ಎಷ್ಟು?

ತಲೆ ಸುತ್ತು, ವಾಂತಿ, ನಡೆಯಲು ಆಗುತ್ತಿಲ್ಲ, ಆದರೆ ಮುಖ ಸೊಟ್ಟಗಾಗಿಲ್ಲ, ಕೈ ಬಿದ್ದಿಲ್ಲ, ಮಾತು ಸರಿಯಿದೆ. ಮುಖ, ಕೈ, ಮಾತು ಮೂರನ್ನೇ ನೋಡುವ ಪಾರ್ಶ್ವವಾಯು ಪರೀಕ್ಷೆಯಲ್ಲಿ ಇವರು ಪಾಸಾಗುತ್ತಾರೆ. ಹೊಟ್ಟೆಯ ತೊಂದರೆ ಅಥವಾ ಕಿವಿಯ ತೊಂದರೆ ಎಂಬ ಹ್ಯಾಂಡೋವರ್‌ನೊಂದಿಗೆ ಬರುತ್ತಾರೆ. ಕೆಲವರಲ್ಲಿ ಅದು ಮೆದುಳಿನ ಹಿಂಭಾಗದ ಪಾರ್ಶ್ವವಾಯು. ತಂದ ತಂಡಕ್ಕೆ ಅದು ತಿಳಿಯದಿದ್ದರೆ ಮುಂದಿನ ರೋಗಿಯನ್ನೂ ಹಾಗೇ ತರುತ್ತಾರೆ, ಅದರಲ್ಲಿ ಅವರ ತಪ್ಪೇನಿದೆ? ತಿಳಿದರೆ ಮುಂದಿನ ಸಲ ನಡೆಸಿ ನೋಡುತ್ತಾರೆ, ಕಣ್ಣಿನ ಚಲನೆ ನೋಡುತ್ತಾರೆ. ಹಾಗೆಯೇ ಪಾರ್ಶ್ವವಾಯು ಎಂದೇ ತಂದವರಲ್ಲಿ ಕೆಲವರದು ಬರೀ ಸಕ್ಕರೆ ಇಳಿದದ್ದು. ಅದನ್ನು ಗ್ಲುಕೋಮೀಟರ್ ಮನೆಯಲ್ಲೇ ಹೇಳಿಬಿಡುತ್ತದೆ.

ನನ್ನ ಪ್ರಕಾರ ರಾತ್ರಿಪಾಳಿಯವರ ಪ್ರಶ್ನೆಗೆ ಉತ್ತರ ಇದು. ನೀವು ಕೆಲಸ ಮಾಡುವ ರೀತಿ ಬದಲಾಗುವುದು ಫಲಿತಾಂಶ ತಿಳಿದಾಗ.

ರಾತ್ರಿಪಾಳಿ

ಸರ್, ಇದನ್ನೇ ನಾನು ಹೇಳೋಕೆ ಒದ್ದಾಡ್ತಿದ್ದೆ. ಕೇಳೋಕೆ ಹೋದ್ರೆ "ನಿಮಗ್ಯಾಕೆ, ರೋಗಿಯ ಗೌಪ್ಯ ಮಾಹಿತಿ" ಅಂತಾರೆ. ಪರಿಚಯದ ನರ್ಸ್ ಇದ್ದರೆ ಮಾತ್ರ ಗೊತ್ತಾಗೋದು. ಅದೂ ಸತ್ತವರದ್ದು, ಇಲ್ಲಾ ವಿಚಿತ್ರ ಕೇಸುಗಳದ್ದು. ಸಾಮಾನ್ಯ ಕೇಸುಗಳ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಮೂರನೇಲೀಡ್

ಇಸಿಜಿ ಇಷ್ಟಪಡೋನು ಅಂತ ಮೇಲೆ ಯಾರೋ ನನ್ನನ್ನೇ ಕುಟುಕಿದ ಹಾಗಿದೆ. ಇರಲಿ.

ಫಲಿತಾಂಶ ತಿಳಿಯೋದ್ರಿಂದ ನಾನು ಬದಲಾದ ಒಂದು ವಿಷಯ ಹೇಳ್ತೀನಿ. ಮೊದಲ ಇಸಿಜಿ ಚೆನ್ನಾಗಿದೆ ಅಂದ್ರೆ ಹೃದಯ ಚೆನ್ನಾಗಿದೆ ಅಂತಲ್ಲ. ಎದೆನೋವು ಮುಂದುವರಿದರೆ ದಾರಿಯಲ್ಲೇ ಮತ್ತೆ ತೆಗೀಬೇಕು. ಇದರ ಇನ್ನೊಂದು ಮುಖ ಇನ್ನೂ ಮುಖ್ಯ. ಮನೆಯಲ್ಲಿ ನೋವಿದ್ದಾಗ ತೆಗೆದದ್ದರಲ್ಲಿ ಎಸ್‌ಟಿ ಅನ್ನೋ ಭಾಗ ಮೇಲೆದ್ದಿತ್ತು (ಹೃದಯಾಘಾತದ ಗುರುತು), ಆಸ್ಪತ್ರೆ ಮುಟ್ಟೋಷ್ಟರಲ್ಲಿ ನೋವೂ ಹೋಯ್ತು, ಎಸ್‌ಟಿಯೂ ಇಳೀತು. ಆಗ ನಾವು ತೆಗೆದ ಆ ಇಸಿಜಿ ಪಟ್ಟಿ ಒಂದೇ ಸಾಕ್ಷಿ. ಅದನ್ನ ಆಂಬ್ಯುಲೆನ್ಸಲ್ಲೇ ಬಿಟ್ಟು ಬಂದರೆ ಮುಗೀತು. ನೋವಿಲ್ಲದಾಗ ಎದೆಯ ಮೇಲಿನ ವಿ2, ವಿ3 ಲೀಡುಗಳಲ್ಲಿ ಟಿ ಅಲೆ ತಲೆಕೆಳಗಾಗಿರೋ ವೆಲೆನ್ಸ್ ಮಾದರಿಯೂ ಹಾಗೇ. ರೋಗಿ ಆರಾಮಾಗಿ ಕೂತಿರ್ತಾನೆ, ಮುಂಭಾಗದ ಮುಖ್ಯ ರಕ್ತನಾಳ ಮುಚ್ಚೋ ಹಂತದಲ್ಲಿರಬಹುದು. 1982ರಲ್ಲೇ ವರದಿಯಾದ ವಿಷಯ, ಎಷ್ಟು ಜನ ಹುಡುಕ್ತಾರೆ?

ಇನ್ನು ಕೆಳಭಾಗದ ಹೃದಯಾಘಾತ ಇದ್ದರೆ ಎದೆಯ ಬಲಭಾಗದಲ್ಲೂ ಇಸಿಜಿ ಲೀಡ್ ಹಾಕಿ ನೋಡದೆ ನೈಟ್ರೋಗ್ಲಿಸರಿನ್ (ರಕ್ತನಾಳ ಹಿಗ್ಗಿಸೋ ಎದೆನೋವಿನ ಔಷಧ) ಮುಟ್ಟಲೇಬಾರದು.

ತುರ್ತುವೈದ್ಯ

ಕೊನೆಯ ಸಾಲಿಗೆ ಸಣ್ಣ ತಕರಾರು. ಬಲ ಹೃತ್ಕುಕ್ಷಿಗೆ (ಹೃದಯದ ಬಲಗಡೆಯ ಕೆಳಕೋಣೆಗೆ) ಪೆಟ್ಟಾದಾಗ ನೈಟ್ರೋಗ್ಲಿಸರಿನ್‌ನಿಂದ ಬಿಪಿ ಕುಸಿಯುತ್ತದೆ ಎಂಬುದು ಹಳೆಯ ಪಾಠ. ಇತ್ತೀಚಿನ ಅಧ್ಯಯನಗಳು ಆ ಅಪಾಯ ನಾವು ಅಂದುಕೊಂಡಷ್ಟು ಸರಳವಾಗಿ ಕೆಳಭಾಗ, ಮುಂಭಾಗ ಎಂದು ವಿಂಗಡವಾಗುವುದಿಲ್ಲ ಎನ್ನುತ್ತಿವೆ. ನಿಮ್ಮ ಪ್ರೋಟೋಕಾಲ್ (ಸಂಸ್ಥೆ ಗೊತ್ತುಮಾಡಿದ ಚಿಕಿತ್ಸಾ ಕ್ರಮ) ಹೇಗಿದೆಯೋ ಹಾಗೇ ಮಾಡಿ, ಬಿಪಿ ನೋಡದೆ ಯಾರಿಗೂ ಕೊಡಬೇಡಿ. "ಮುಟ್ಟಲೇಬಾರದು" ಎಂದು ಹೊಸಬರಿಗೆ ಕಲಿಸುವಾಗ ಮಾತ್ರ ಸ್ವಲ್ಪ ತಡೆದು ಹೇಳಿ.

ಮೂರನೇಲೀಡ್

ಒಪ್ಪಿದೆ ಸರ್. ನಾನು ಕಲಿತಾಗ ಹಾಗೇ ಹೇಳಿಕೊಟ್ಟಿದ್ದು.

ಹಿಂದಿನಸೀಟು

ನೋಡಿ, ಕಲಿತದ್ದನ್ನ ಬಿಡೋದೇ ಕಷ್ಟ. ಆಕ್ಸಿಜನ್ ವಿಷಯವನ್ನೇ ತಗೊಳ್ಳಿ. ಉಸಿರಾಟದ ತೊಂದರೆ ಅಂದ ತಕ್ಷಣ ಜೋರಾಗಿ ಬಿಡು, ಎದೆನೋವಾ ಬಿಡು, ಕೊಟ್ಟರೆ ನಷ್ಟ ಏನು ಅಂತ ಒಂದು ತಲೆಮಾರೇ ಬೆಳೀತು.

2010ರಲ್ಲಿ ಟಾಸ್ಮೇನಿಯಾದ ಅಧ್ಯಯನ ಬಂತು. ಆಂಬ್ಯುಲೆನ್ಸಲ್ಲಿ ಪ್ಯಾರಾಮೆಡಿಕ್‌ಗಳೇ ಮಾಡಿದ್ದು. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರಬಹುದು ಅನ್ನಿಸಿದ 405 ರೋಗಿಗಳಲ್ಲಿ ಕೆಲವರಿಗೆ ಎಂದಿನಂತೆ ಜೋರಾದ ಆಕ್ಸಿಜನ್, ಉಳಿದವರಿಗೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡ 88ರಿಂದ 92ರ ನಡುವೆ ನಿಲ್ಲೋ ಹಾಗೆ ಅಳೆದು ಕೊಟ್ಟರು. ಜೋರಾಗಿ ಕೊಟ್ಟವರಲ್ಲಿ ಸಾವು 9%, ಅಳೆದು ಕೊಟ್ಟವರಲ್ಲಿ 4%. ಹೃದಯಾಘಾತದ ಶಂಕೆ ಇದ್ದವರ ಮೇಲೆ 2017ರಲ್ಲಿ ಸ್ವೀಡನ್ನಿನ ದೊಡ್ಡ ಪ್ರಯೋಗ, 6,629 ಜನ, ಸ್ಯಾಚುರೇಷನ್ 90 ಅಥವಾ ಅದಕ್ಕಿಂತ ಮೇಲಿದ್ದವರಿಗೆ ಆಕ್ಸಿಜನ್ ಕೊಟ್ಟರೂ ಬಿಟ್ಟರೂ ಒಂದು ವರ್ಷದ ಸಾವಿನಲ್ಲಿ ವ್ಯತ್ಯಾಸವೇ ಇಲ್ಲ.

ಇಷ್ಟಾದರೂ ಇವತ್ತಿಗೂ ಸ್ಯಾಚುರೇಷನ್ 98 ಇರೋ ರೋಗಿಗೆ ಮಾಸ್ಕ್ ಹಾಕಿಕೊಂಡು ಬರೋರಿದ್ದಾರೆ. ಯಾಕಂದ್ರೆ ಹಾಕದಿದ್ದರೆ ಮನೆಯವರು "ಏನೂ ಮಾಡ್ಲಿಲ್ಲ" ಅಂತಾರೆ. ಕೋರ್ಸಿನಲ್ಲಿ ಇದಕ್ಕೆ ಉತ್ತರ ಸಿಗಲ್ಲ.

ಕಿಟ್‌ಬ್ಯಾಗ್

ಖರೇ ಐತಿ. ಆದ್ರ ಒಂದು ಮಾತು. ಪೇಪರ್ ಓದಿ ಓದಿ ರಸ್ತೆ ಮ್ಯಾಲ ತಮ್ಮದ ಪ್ರೋಟೋಕಾಲ್ ನಡಸೋ ಮಂದೀನೂ ನೋಡೀನ್ರಿ. 2018ರಾಗ ಅಡ್ರಿನಲಿನ್ ಬಗ್ಗೆ ಬ್ರಿಟನ್ನಿನ ಪ್ರಯೋಗ ಬಂತಲ್ಲ, ಅದರ ತಲೆಬರಹ ಓದಿ ನಮ್ಮಾಂವ ಒಬ್ಬ "ಅಡ್ರಿನಲಿನ್ ದಂಡ, ಕೊಡೂದ ಬ್ಯಾಡ" ಅನ್ನಾಕ ಹತ್ತಿದ್ದ.

ತುರ್ತುವೈದ್ಯ

ಆ ಪ್ರಯೋಗವನ್ನು ಪೂರ್ತಿ ಓದಿದವರಿಗೆ ಹಾಗನ್ನಿಸುವುದಿಲ್ಲ. ಆಸ್ಪತ್ರೆಯ ಹೊರಗೆ ಹೃದಯ ನಿಂತ ಎಂಟು ಸಾವಿರ ಚಿಲ್ಲರೆ ರೋಗಿಗಳು. ಮೂವತ್ತು ದಿನ ಬದುಕಿದವರು ಅಡ್ರಿನಲಿನ್ ಗುಂಪಿನಲ್ಲಿ 3.2%, ಪ್ಲಸೀಬೊ (ಔಷಧವಿಲ್ಲದ ಚುಚ್ಚುಮದ್ದು) ಗುಂಪಿನಲ್ಲಿ 2.4%. ಅಂದರೆ ಬದುಕುವವರು ಹೆಚ್ಚುತ್ತಾರೆ. ಮೆದುಳು ಚೆನ್ನಾಗಿ ಉಳಿದು ಬದುಕಿದವರ ಪ್ರಮಾಣದಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಏನು ಮಾಡಬೇಕು ಎಂಬುದು ಮಾರ್ಗಸೂಚಿ ಬರೆಯುವವರು ಕೂತು ತೂಗಿ ನೋಡುವ ವಿಷಯ, ಅವರು ತೂಗಿ ನೋಡಿ ಅಡ್ರಿನಲಿನ್ ಉಳಿಸಿಕೊಂಡರು. ನೀವು ಓದಬೇಕು, ಪ್ರಶ್ನೆ ಕೇಳಬೇಕು, ಆದರೆ ಪ್ರಶ್ನೆಯನ್ನು ನಿಮ್ಮ ಮೆಡಿಕಲ್ ಡೈರೆಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ. ರೋಗಿಯ ಮೇಲೆ ಬೇಡ.

ದೂರದಸ್ಟೇಷನ್

ತಡವಾಗಿ ಬಂದೆ. ಕಾಲ್ ಕಡಿಮೆ ಇರೋ ಕಡೆ ಕೆಲಸ ಮಾಡೋರ ಕಷ್ಟವನ್ನೂ ಸ್ವಲ್ಪ ಕೇಳಿ. ನಮಗೆ ಉಸಿರಾಟಕ್ಕೆ ಶ್ವಾಸನಾಳದೊಳಗೆ ಟ್ಯೂಬ್ ಹಾಕೋ ಅವಕಾಶ ಅಪರೂಪ. ನೀವು ಎಷ್ಟೇ ರಿಫ್ಲೆಕ್ಷನ್ (ಮಾಡಿದ ಕೇಸ್ ಬಗ್ಗೆ ಮತ್ತೆ ಯೋಚಿಸಿ ಬರೆಯೋದು) ಬರೆಸಿ, ಬೊಂಬೆಯ ಗಂಟಲೇ ಬೇರೆ, ವಾಂತಿ ತುಂಬಿದ ಗಂಟಲೇ ಬೇರೆ. ಇದಕ್ಕೆ ಏನ್ ಮಾಡ್ತೀರಿ?

ಬೋಧಕಿ_ಎಸ್

ಎರಡು ದಾರಿ ಇವೆ. ಒಂದು, ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರ ಪಕ್ಕ ನಿಂತು ಮಾಡುವುದು. ಅನುಮತಿ ಪಡೆಯುವುದು ದೊಡ್ಡ ತಲೆನೋವು, ಆದರೆ ಅಲ್ಲಿ ಟ್ಯೂಬ್‌ಗಿಂತ ಬ್ಯಾಗ್ ಮಾಸ್ಕ್ (ಕೈಯಿಂದ ಒತ್ತಿ ಗಾಳಿ ಕೊಡುವ ಸಾಧನ) ಚೆನ್ನಾಗಿ ಹಿಡಿಯುವುದನ್ನು ಕಲಿತು ಬರುತ್ತೀರಿ, ಅದೇ ದೊಡ್ಡ ಲಾಭ. ಹೆರಿಗೆ ವಾರ್ಡಿಗೂ ಇದೇ ಮಾತು.

ಇನ್ನೊಂದು, ಉಳಿಸಿಕೊಳ್ಳಲಾಗದ ಕೌಶಲವನ್ನು ಹಿಡಿದುಕೊಂಡೇ ಇರಬೇಕೇ ಎಂದು ಕೇಳಿಕೊಳ್ಳುವುದು. 2018ರ ಏರ್‌ವೇಸ್-2 ಪ್ರಯೋಗದಲ್ಲಿ ಹೃದಯಸ್ತಂಭನದ 9,296 ರೋಗಿಗಳು. ಐ-ಜೆಲ್ (ಶ್ವಾಸನಾಳದ ಒಳಗೆ ಹೋಗದೆ ಅದರ ಬಾಯಿಯ ಮೇಲೆ ಕೂರುವ ಸಾಧನ) ಹಾಕಿದವರಲ್ಲೂ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದವರಲ್ಲೂ ಒಳ್ಳೆಯ ಸ್ಥಿತಿಯಲ್ಲಿ ಉಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ, 6.4% ಮತ್ತು 6.8%. ಟ್ಯೂಬ್ ಹಾಕುವುದು ನಮ್ಮ ವೃತ್ತಿಯ ಗೌರವ ಎಂಬಂತೆ ಮಾತಾಡುತ್ತೇವೆ. ರೋಗಿಗೆ ಬೇಕಾದದ್ದು ಗಾಳಿ.

ದೂರದಸ್ಟೇಷನ್

ಮೇಡಂ, ಇದನ್ನ ಒಪ್ಪಲ್ಲ. ಅದು ಹೃದಯ ನಿಂತ ರೋಗಿಗಳ ಲೆಕ್ಕ. ಸುಟ್ಟ ಗಾಯದಿಂದ ಗಂಟಲು ಊದಿಕೊಳ್ತಾ ಇರೋ ರೋಗಿಗೆ ಐ-ಜೆಲ್ ಏನ್ ಮಾಡುತ್ತೆ? ಆಸ್ಪತ್ರೆ ತುಂಬ ದೂರ ಇರೋರಿಗೆ "ಆ ಕೌಶಲ ಬಿಟ್ಟುಬಿಡಿ" ಅನ್ನೋದು ಸುಲಭದ ಉತ್ತರ. ಬೇಕಾದ್ದು ಅಭ್ಯಾಸಕ್ಕೆ ಅವಕಾಶ.

ಬೋಧಕಿ_ಎಸ್

ಸರಿ, ನಿಮ್ಮ ಮಾತಿನಲ್ಲಿ ಹುರುಳಿದೆ. ಹೃದಯಸ್ತಂಭನದ ಫಲಿತಾಂಶವನ್ನು ಎಲ್ಲ ಕಡೆ ಎಳೆಯಬಾರದು. ಆದರೆ ಉಳಿಸಿಕೊಳ್ಳುವುದಾದರೆ ಕ್ಯಾಪ್ನೋಗ್ರಫಿ (ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಅಳತೆ) ಜೊತೆಗೇ ಉಳಿಸಿಕೊಳ್ಳಿ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಗೆ ಟ್ಯೂಬ್ ಹಾಕಿಸಿಕೊಂಡು ಬಂದವರಲ್ಲಿ ನಿರಂತರವಾಗಿ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆದ ಕಡೆ ಗಮನಕ್ಕೆ ಬಾರದೆ ತಪ್ಪು ಜಾಗದಲ್ಲಿ ಉಳಿದ ಟ್ಯೂಬ್ ಒಂದೂ ಇರಲಿಲ್ಲ. ಅಳೆಯದ ಕಡೆ 23%. ಅಲೆ ಇಲ್ಲವೆಂದರೆ ಟ್ಯೂಬ್ ತೆಗೆಯಿರಿ, ಸ್ಟೆತಸ್ಕೋಪಿನೊಂದಿಗೆ ವಾದ ಮಾಡುತ್ತಾ ಕೂರಬೇಡಿ.

ಬಿಳಿಕೋಟಿಲ್ಲ

ಎಲ್ಲ ತಾಂತ್ರಿಕ ವಿಷಯ ಆಯ್ತು. ಕೇಸ್ ಆದಮೇಲೆ ಮಾತಾಡಿಕೊಳ್ಳೋದು? ಆ ಬಗ್ಗೆ ಯಾರೂ ಬರೀಲಿಲ್ಲ.

ನಾನು ಮೊದಲು ಕೆಲಸ ಮಾಡ್ತಿದ್ದ ಕಡೆ ಕೇಸ್ ರಿವ್ಯೂ ಅಂತ ಶುರು ಮಾಡಿದರು. ಮೊದಲೆರಡು ಸಲ ಎಲ್ಲರೂ ಬಾಯಿಬಿಟ್ಟು ಮಾತಾಡಿದರು. ಅದಾದ ಮೇಲೆ ಅಲ್ಲಿ ಒಬ್ಬಳು ಹೇಳಿದ ಮಾತು ಅವಳ ಮೇಲಿನ ನೋಟಿಸಿನಲ್ಲಿ ಕಾಣಿಸಿಕೊಂಡಿತು. ಮೂರನೇ ಸಲದಿಂದ "ಎಲ್ಲ ಪ್ರೋಟೋಕಾಲ್ ಪ್ರಕಾರ ನಡೆಯಿತು" ಅನ್ನೋದೊಂದೇ ವಾಕ್ಯ. ರಿವ್ಯೂ ಈಗಲೂ ನಡೆಯುತ್ತಂತೆ, ಗಂಟೆಯೂ ಸಿಗುತ್ತೆ, ಯಾರೂ ಏನೂ ಕಲಿಯಲ್ಲ.

ಇನ್ನೊಂದು. ಇಬ್ಬರೇ ಇರೋ ಗಾಡಿಯಲ್ಲಿ ಜೂನಿಯರ್ ಬಾಯಿ ಬಿಡೋದು ಸುಲಭ ಅಲ್ಲ, ಅದರಲ್ಲೂ ಹುಡುಗಿ ಆಗಿದ್ದರೆ. ಸೀನಿಯರ್ ಅಣ್ಣ ಔಷಧ ಎಳೆಯುವಾಗ "ಅಣ್ಣಾ, ಡೋಸ್ ಒಂದ್ಸಲ ನೋಡ್ತೀರಾ" ಅನ್ನೋಕೂ ಧೈರ್ಯ ಬೇಕು. ಅದಕ್ಕೇ ನಮ್ಮ ಈಗಿನ ಗಾಡಿಯಲ್ಲಿ ನಿಯಮ ಮಾಡ್ಕೊಂಡಿದ್ದೀವಿ. ಔಷಧದ ಹೆಸರು, ಪ್ರಮಾಣ, ಕೊಡೋ ದಾರಿ ಜೋರಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು, ಆಮೇಲೇ ಕೊಡೋದು. ಪ್ರಶ್ನೆ ಕೇಳೋದು ನಿಯಮದ ಭಾಗ ಆದ್ಮೇಲೆ ಅದು ಅವಮಾನ ಅನ್ನಿಸಲ್ಲ.

ಹಿಂದಿನಸೀಟು

ನೋಟಿಸ್ ವಿಷಯ ಓದಿ ಸಿಟ್ಟು ಬಂತು. ವಿಚಾರಣೆ ಮಾಡೋರೂ ಕಲಿಕೆ ನಡೆಸೋರೂ ಒಬ್ಬರೇ ಆದರೆ ಹೀಗೇ ಆಗೋದು. ಬೇಕಂತಲೇ ನಿರ್ಲಕ್ಷ್ಯ ಮಾಡಿದವರಿಗೆ ಬೇರೆ ದಾರಿ ಇರಲಿ, ಉಳಿದದ್ದಕ್ಕೆ ಕಲಿಕೆಯ ಮೇಜು ಬೇರೆ ಇರಲಿ. ಕೇಸ್ ಮುಗಿದ ಮೇಲೆ ತಂಡ ಕೂತು ಚೆನ್ನಾಗಿ ನಡೆಸಿದ ಚರ್ಚೆಗೆ, ಅಂದ್ರೆ ಡಿಬ್ರೀಫ್‌ಗೆ ಬೆಲೆ ಇದೆ. ಬೇರೆ ಬೇರೆ ಕ್ಷೇತ್ರದ ಅಧ್ಯಯನಗಳನ್ನ ಒಟ್ಟುಗೂಡಿಸಿದ 2013ರ ಒಂದು ವಿಶ್ಲೇಷಣೆಯಲ್ಲಿ ಡಿಬ್ರೀಫ್ ಮಾಡಿಕೊಂಡ ತಂಡಗಳ ಕೆಲಸ ಸರಾಸರಿ ಶೇಕಡ 25ರಷ್ಟು ಸುಧಾರಿಸಿತ್ತು. ಖರ್ಚಿಲ್ಲದೆ ಇಷ್ಟು ಕೊಡೋ ಬೇರೆ ತರಬೇತಿ ನನಗೆ ಗೊತ್ತಿಲ್ಲ.

ಹೊಸಬ_ಇಎಂಟಿ

ರಿಫ್ಲೆಕ್ಷನ್ ಬರೆಯೋದು ಅಂದ್ರೆ ಹೇಗೆ? ನಮಗೆ ಆರು ಹಂತದ ಚಕ್ರ ಕೊಟ್ಟಿದ್ದಾರೆ. "ನನಗೆ ಏನನ್ನಿಸಿತು" ಅನ್ನೋ ಕಾಲಂ ತುಂಬೋದ್ರಲ್ಲೇ ಸಾಕಾಗುತ್ತೆ. ಎಲ್ಲರೂ "ಆತಂಕವಾಯಿತು, ನಂತರ ತೃಪ್ತಿಯಾಯಿತು" ಅಂತ ಬರೀತಾರೆ 😅

ಮೂರನೇಲೀಡ್

ಆ ಚಕ್ರ 1988ರದ್ದು, ಗಿಬ್ಸ್ ಅವರದ್ದು. ಕೆಟ್ಟದ್ದಲ್ಲ, ಆದರೆ ಫಾರಂ ಮಾಡಿದಾಗ ಸತ್ತುಹೋಗುತ್ತೆ. ನಾನು ಮೂರೇ ಸಾಲು ಬರೀತೀನಿ. ನಾನು ಏನು ಅಂದುಕೊಂಡೆ, ಯಾವುದರ ಆಧಾರದ ಮೇಲೆ, ಯಾವ ಮಾಹಿತಿ ಸಿಕ್ಕಿದ್ದರೆ ನನ್ನ ಅಭಿಪ್ರಾಯ ಬದಲಾಗ್ತಿತ್ತು. ಉದಾಹರಣೆಗೆ: "ಹಳೇ ಅಸ್ತಮಾ ಅಂದುಕೊಂಡೆ. ಇನ್‌ಹೇಲರ್ ಇತ್ತು, ಉಬ್ಬಸ ಇತ್ತು. ಕಾಲು ಊದಿತ್ತಾ, ರಾತ್ರಿ ಮಲಗಿದಾಗ ಹೆಚ್ಚಾಗ್ತಿತ್ತಾ ಅಂತ ಕೇಳಿದ್ದರೆ ಹೃದಯದ ಕಡೆ ಯೋಚನೆ ಹೋಗ್ತಿತ್ತು." ಆಸ್ಪತ್ರೆಯಿಂದ ಉತ್ತರ ಬಂದರೆ ನಾಲ್ಕನೇ ಸಾಲು. ಮುಖ್ಯವಾದ ನಿಯಮ, ಉತ್ತರ ಬರೋಕೆ ಮುಂಚೆಯೇ ಮೂರು ಸಾಲು ಬರೆದಿರಬೇಕು. ಫಲಿತಾಂಶ ಗೊತ್ತಾದ ಮೇಲೆ "ನನಗೆ ಅನುಮಾನ ಇದ್ದೇ ಇತ್ತು" ಅನ್ನೋದು ಎಲ್ಲರಿಗೂ ಬರುತ್ತೆ.

ಕಿಟ್‌ಬ್ಯಾಗ್

ಇದು ಚಲೋ ಐತಿ. ನಾಳೆಯಿಂದ ಶುರು ಮಾಡ್ತೀನಿ. ಆದ್ರ ರಾತ್ರಿ ಪೂರ್ತಿ ಓಡಾಡಿ ಬೆಳಿಗ್ಗೆ ಹತ್ತಕ್ಕ ಕ್ಲಾಸಿಗೆ ಬಾ ಅಂತಾರಲ್ಲ, ಅವರಿಗೆ ಯಾರರ ಹೇಳ್ರಿ. ನಿದ್ದಿಗಣ್ಣಾಗ ಕುಂತು ಕಲಿಯೂದು ಏನು?

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಪ್ರಶ್ನೆ ಹಾಕಿದಾಗ ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ತುರ್ತುವೈದ್ಯ ಸರ್, ಒಂದು ಕೋರಿಕೆ. ನಾವು ಸಾಮಾನ್ಯವಾಗಿ ರೋಗಿಗಳನ್ನ ಬಿಡೋ ಆಸ್ಪತ್ರೆಗೆ ಒಂದು ಚೀಟಿ ಪದ್ಧತಿ ಕೇಳೋಣ ಅಂತಿದ್ದೀನಿ. ಅವರು ಗೌಪ್ಯತೆ ಅಂದಾಗ ಏನ್ ಹೇಳಬೇಕು? ಚೀಟಿಯಲ್ಲಿ ಏನಿರಬೇಕು?

ತುರ್ತುವೈದ್ಯ

ಹೆಸರು, ವಿಳಾಸ, ಫೋನ್ ಏನೂ ಬೇಡ. ನಿಮ್ಮ ಟ್ರಿಪ್ ಶೀಟಿನ ಸಂಖ್ಯೆ ಮಾತ್ರ ಇರಲಿ. ಅದರ ಕೆಳಗೆ ಮೊದಲು ನೀವು ಬರೆಯುವ ಸಾಲು: "ನಮ್ಮ ಅಂದಾಜು ಇದು." ಆಮೇಲೆ ನಾವು ತುಂಬುವ ಮೂರು ಜಾಗ. ಎಮರ್ಜೆನ್ಸಿಯಲ್ಲಿ ಕೊನೆಗೆ ತೀರ್ಮಾನವಾದ ಕಾಯಿಲೆ, ರೋಗಿ ಮನೆಗೆ ಹೋದರೋ ವಾರ್ಡಿಗೋ ಐಸಿಯುಗೋ, ದಾರಿಯಲ್ಲಿ ಮಾಡಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು ಅಥವಾ ಏನು ಬಿಟ್ಟುಹೋಗಿತ್ತು. ಒಂದು ನಿಮಿಷದ ಕೆಲಸವಾಗಿರಬೇಕು, ಇಲ್ಲದಿದ್ದರೆ ನಮ್ಮವರು ಬರೆಯುವುದಿಲ್ಲ, ನಾನೂ ಸೇರಿ.

ಎಲ್ಲ ಕೇಸಿಗೂ ಕೇಳಬೇಡಿ, ಎರಡನೇ ವಾರಕ್ಕೇ ನಿಂತುಹೋಗುತ್ತದೆ. ಒಂದು ತಿಂಗಳು ಪಾರ್ಶ್ವವಾಯು ಶಂಕೆಯ ಕೇಸುಗಳಿಗೆ ಮಾತ್ರ ಕೇಳಿ, ಮುಂದಿನ ತಿಂಗಳು ಉಸಿರಾಟದ ತೊಂದರೆಯವಕ್ಕೆ. ಅನುಮತಿಗೆ ಆಸ್ಪತ್ರೆಯ ಆಡಳಿತದ ಜೊತೆಗೆ ನಿಮ್ಮ ಸಂಸ್ಥೆಯ ಪತ್ರವೂ ಬೇಕಾಗುತ್ತದೆ, ಚಿಕಿತ್ಸೆಯಲ್ಲಿ ಭಾಗಿಯಾದ ತಂಡದ ಗುಣಮಟ್ಟ ಸುಧಾರಣೆಗೆ ಎಂದು ಬರೆಸಿ. ಮತ್ತೆ, ಚೀಟಿ ಹಿಡಿದು ಮೊದಲು ಹೋಗಬೇಕಾದ್ದು ಮೇಲಧಿಕಾರಿಯ ಕೋಣೆಗಲ್ಲ. ಎಮರ್ಜೆನ್ಸಿಯ ನರ್ಸಿಂಗ್ ಇನ್‌ಚಾರ್ಜ್ ಹತ್ತಿರ. ಅವರು ಒಪ್ಪಿದರೆ ನಡೆಯುತ್ತದೆ.

ಬಿಳಿಕೋಟಿಲ್ಲ

"ಏನು ಬಿಟ್ಟುಹೋಗಿತ್ತು" ಅನ್ನೋ ಜಾಗ ಇದ್ದರೆ ಆ ಚೀಟಿ ನಮ್ಮ ಸಂಸ್ಥೆಯ ಎಚ್‌ಆರ್ ಕೈಗೆ ಹೋಗಲ್ಲ ಅಂತ ಮೊದಲೇ ಬರೆಸಿಕೊಳ್ಳಿ ರಾತ್ರಿಪಾಳಿ. ಬಾಯಿಮಾತಿಗೆ ಒಪ್ಪಬೇಡಿ.

ರಾತ್ರಿಪಾಳಿ

ಬರೆಸ್ಕೋತೀನಿ ಅಕ್ಕ. ಪಾರ್ಶ್ವವಾಯುವಿಂದಲೇ ಶುರು. ಚೀಟಿಯ ಕರಡು ರೆಡಿಯಾದ ಮೇಲೆ ಇಲ್ಲೇ ಹಾಕ್ತೀನಿ, ತಿದ್ದಿ ಕೊಡಿ.